ಅಂತಿಮ ವರದಿಗೆ ಸೇರದ ಪುಟ

ನಿಯಮ ನಾಲ್ಕು: ಹೆಸರು ಎರಡು, ಅಧ್ಯಯನ ಒಂದು.
ಒಬ್ಬರ ಊರಲ್ಲಿ ಇನ್ನೊಬ್ಬರು ಕೇಳಬೇಕು,
ಊರಿನವರು ಪಕ್ಕ ಕೂತು ಭಾಷಾಂತರಿಸಬೇಕು.
ಸರ್ವಾಧಿಕಾರ ಕಳಚಿಕೊಂಡ ಎರಡು ದೇಶ, ಎರಡು ಖಂಡ,
ಹದಿನೆಂಟು ತಿಂಗಳ ಫೆಲೋಶಿಪ್,
ಉಣ್ಣೆ ಕೋಟಿಗೆಂದು ಬೇರೆ ಭತ್ಯೆ. ಅದು ದೆರ್ಲಿಸನಿಗೆ.

ಅವನು ಅಸುನ್ಸಿಯೋನಿನವನು, ನಾನು ಉಲಾನ್‌ಬಾತರಿನವಳು.
ನಡುವೆ ಇದ್ದದ್ದು ಮೂರನೆಯವರ ಭಾಷೆ,
ಎರವಲು ಕೊಡೆ;
ಇಬ್ಬರದೂ ಒಂದೊಂದು ಭುಜ ನೆನೆಯುತ್ತಿತ್ತು.

ಮೊದಲು ಅವನ ಊರು. ಆಗಸ್ಟ್.
ಲಪಾಚೊ ಮರಗಳು ಎಲೆಯೆಲ್ಲ ಉದುರಿಸಿ ಬರೀ ಗುಲಾಬಿ.
ಎದುರು ಮನೆಯ ನ್ಯಾ ಸೆಫೆರಿನಾಳ ಅಂಗಳದಲ್ಲಿ
ಕೊಂಬಿನ ಲೋಟದ ತಣ್ಣನೆ ತೆರೆರೆ,
ಒಂದೇ ಕೊಳವೆ, ಸರದಿಯ ಮೇಲೆ.
ಇಪ್ಪತ್ತೆರಡು ವರ್ಷ ಠಾಣೆಯ ಅಂಗಿಗಳಿಗೆ ಇಸ್ತ್ರಿ ಹಾಕಿದವಳು
ಅವನೆದುರು ಎಂದೂ ತುಟಿಪಿಟಕ್ಕೆಂದವಳಲ್ಲ.
ನನಗೆ ಹೇಳಿದಳು,
ಬಸ್ಸಿನಲ್ಲಿ ಪಕ್ಕ ಕೂತು, ಮುಂದಿನ ನಿಲ್ದಾಣದಲ್ಲಿ ಇಳಿದುಹೋಗುವವಳಿಗೆ
ಹೇಳುವ ಹಾಗೆ:

"ಫೆಬ್ರವರಿಯ ಆ ರಾತ್ರಿ ಗುಂಡಿನ ಸದ್ದು.
ಬೆಳಗಾದರೆ ರೇಡಿಯೊದಲ್ಲಿ, ಮುದುಕ ಹೋದನಂತೆ.
ಎಂಟು ದಿನ ಬಟ್ಟೆಗಂಟು ಬರಲಿಲ್ಲ. ಇದ್ದಿಲು ಹಾಗೇ ಉಳಿಯಿತು.
ಒಂಬತ್ತನೆಯ ದಿನ ಬಂತು. ಅವೇ ಅಂಗಿ,
ಜೇಬಿನ ಮೇಲೆ ಅವೇ ಹೆಸರು, ತೋಳಿನ ಮೇಲೆ ಅದೇ ಕಲೆ,
ಯಾವ ಸೋಪಿಗೂ ಹೋಗದ್ದು,
ಯಾರದೆಂದು ನಾನು ಕೇಳದ್ದು."

ಹಾಗಾದರೆ ಬದಲಾದದ್ದೇನು? ಪ್ರಶ್ನೆ ಹನ್ನೊಂದು.
ಅವಳು ಕೊಳವೆ ಹೀರಿದಳು, ಲೋಟ ಬರಿದಾಗಿ ಗೊರಗುಟ್ಟುವ ತನಕ.
"ಕಾಸು ಕೊಟ್ಟರು," ಅಂದಳು.
ಅಲ್ಲಿಯವರೆಗೆ ಕೊಡುತ್ತಿರಲಿಲ್ಲವೆ?
ನಕ್ಕಳು. ಆ ನಗುವನ್ನು ದೆರ್ಲಿಸ್ ಭಾಷಾಂತರಿಸಲಿಲ್ಲ.

ಅವರ ಗ್ವಾರನಿಯಲ್ಲಿ ನೆಮ್ಮದಿಗೆ ಇರುವ ಮಾತನ್ನು ಬಿಡಿಸಿದರೆ
ಒಡಲು ಕೂತುಕೊಳ್ಳುವುದು ಎಂದಂತೆ.
ನಿಮ್ಮ ಒಡಲು ಕೂತಿತೆ, ಎಂದೆ.
"ಇಸ್ತ್ರಿಯವಳು ಕೂರುವುದೆಲ್ಲಿ ಮಗಳೇ, ಅದು ನಿಂತು ಮಾಡುವ ಕೆಲಸ."

ಆಮೇಲೆ ನನ್ನ ಊರು.
ಸೊನ್ನೆಗಿಂತ ಮೂವತ್ತು ಕೆಳಗೆ,
ಕಲ್ಲಿದ್ದಲ ಹೊಗೆ ಬೀದಿಯಲ್ಲೇ ಮೊಣಕಾಲೂರಿತ್ತು.
ಭತ್ಯೆಯ ಕೋಟಿನೊಳಗೆ ದೆರ್ಲಿಸ್ ಕಳೆದುಹೋಗಿದ್ದ.
ನಮ್ಮ ಪಟ್ಟಿಯಲ್ಲಿ ತೊಂಬತ್ತರ ಮಾರ್ಚಿನಲ್ಲಿ
ಚೌಕದ ಮಂಜಿನಲ್ಲಿ ಉಪವಾಸ ಕೂತವರಿದ್ದರು,
ಅವರಿಗೆ ಕಂಬಳಿ ಹೊತ್ತವರಿದ್ದರು.
ನನ್ನ ಅಜ್ಜ ಇರಲಿಲ್ಲ.

ಉಪ್ಪಿನ ಹಾಲುಚಹಾ ತಾನೇ ಬಗ್ಗಿಸಿ, ಬಲಗೈಯಲ್ಲಿ ಕೊಟ್ಟು,
ಯಾರೂ ಕರೆಯದೆ ಬಂದು ಎದುರು ಕೂತ.
"ಆ ಹುಡುಗನಿಗೆ ಹೇಳು."
ನಿನಗೆ ಹೇಳುತ್ತೇನೆ ಅನ್ನಲಿಲ್ಲ.

ಕೈಪಿಡಿಯಲ್ಲಿದೆ: 'ಅವರು ಹೇಳುತ್ತಾರೆ' ಎನ್ನಬೇಡಿ,
ಅವರ 'ನಾನು' ನಿಮ್ಮ ಬಾಯಲ್ಲೂ 'ನಾನು' ಆಗಿರಲಿ.
ಹಾಗಾಗಿ ನಾನೇ ಅಂದೆ:
ನಾನು ಮೂರನೆಯ ಮಹಡಿಯ ಕಿಟಕಿಯ ಹಿಂದಿದ್ದೆ.
ಚೌಕದಲ್ಲಿ ನಿಂತವರ ಹೆಸರು ಬರೆದುಕೊಳ್ಳುತ್ತಿದ್ದೆ.
ಶಾಯಿ ಹೆಪ್ಪುಗಟ್ಟುತ್ತಿತ್ತು, ಪೆನ್ನನ್ನು ಕಂಕುಳಲ್ಲಿ ಬಿಸಿ ಮಾಡಿ ಬರೆದೆ.
ನನ್ನ ಮಗಳ ಹೆಸರೂ ಬರೆದೆ.

ಅದು ನನ್ನ ಅಮ್ಮನ ಹೆಸರು.

ಪಟ್ಟಿ ಒಪ್ಪಿಸಲು ಹೋದಾಗ
ತೆಗೆದುಕೊಳ್ಳಬೇಕಾದವರು ರಾಜೀನಾಮೆ ಕೊಟ್ಟಿದ್ದರು.
ಒಲೆಗೆ ಹಾಕಿದೆ.

"ಅವರು ಕುರ್ಚಿಯಲ್ಲೇ ಇದ್ದಿದ್ದರೆ?"
ದೆರ್ಲಿಸನ ಈ ಪ್ರಶ್ನೆಗೆ ಸಂಖ್ಯೆ ಇರಲಿಲ್ಲ.
ಅಜ್ಜ ನನ್ನತ್ತ ನೋಡಿದ: ಏನಂತೆ?
ನಮ್ಮ ಭಾಷೆಯಲ್ಲಿ ನಾಲ್ಕು ಪದ ಸಾಕಿತ್ತು.
ಚಹಾ ಚೆನ್ನಾಗಿದೆಯಂತೆ, ಅಂದೆ.
ಇನ್ನಷ್ಟು ಬಗ್ಗಿಸಿದ.

ವರದಿ ಚೆನ್ನಾಗಿಯೇ ಬಂದಿದೆ. ಕೋಷ್ಟಕ ಆರು, ನಕ್ಷೆ ಎರಡು.
ಸಂಸ್ಥೆಗಳು ನಿಧಾನ ಬದಲಾಗುತ್ತವೆ ಎಂದು
ಇಬ್ಬರೂ ಸಹಿ ಹಾಕಿದ್ದೇವೆ.
ಖರ್ಚಿನ ಲೆಕ್ಕದಲ್ಲಿ ಒಂದೇ ಒಂದು ಸಾಲಿಗೆ ಆಕ್ಷೇಪ ಬಂದಿದೆ:

ಇಸ್ತ್ರಿ, ಅಂಗಿ ಎರಡು, ಅಸುನ್ಸಿಯೋನ್.
ಮುಂಗಡ ಕೊಟ್ಟದ್ದು. ರಸೀದಿ ಇಲ್ಲ.